ಕಾಮನ್ ಎಂದರೆ ಯಾರದು?

(ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು)



ಇಂಗ್ಲಿಷಿನ ದೊಡ್ಡಸ್ತಿಕೆಯನ್ನು ಒಪ್ಪದವರ ಕೂಟದಲ್ಲಿ ನಿಂತು ಒಂದು ಇಂಗ್ಲಿಷು ಶಬ್ದವನ್ನು ಕುರಿತು ಮಾತನಾಡಹೊರಟಿದ್ದೇವೆ. ಕೆಲವರು ನಗುತ್ತಿದ್ದೀರಿ. ನಗಬಹುದು. ಆದರೆ ಇಂಗ್ಲಿಷು ನಮ್ಮ ತಲೆಯ ಮೇಲೆ ಕೂತು ಆಳುವುದು ಬೇಡವೆಂದೆವೇ ಹೊರತು, ಅದರ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯುವುದು ಬೇಡವೆಂದು ನಾವು ಎಂದೂ ಹೇಳಿದವರಲ್ಲ. ಅಲ್ಲದೆ ಇವತ್ತಿನ ಶಬ್ದ ಅಂಗಡಿ, ಬಸ್ಸು, ಕಚೇರಿ ಎಲ್ಲ ಕಡೆಯೂ ಕನ್ನಡದವರ ಬಾಯಲ್ಲೇ ಓಡಾಡುತ್ತಿರುವ ಶಬ್ದ. ಅದು 'ಕಾಮನ್'.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ಈ ವಾಚನಾಲಯಕ್ಕೆ ಬರುವ ಒಬ್ಬ ಹುಡುಗಿ. ತಂದೆ ಮಂಡಿಯಲ್ಲಿ ಹಮಾಲಿ, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಹುಡುಗಿ ಓದಿನಲ್ಲಿ ಚುರುಕು. ದೊಡ್ಡ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿ ಹೋದಳು. ಮೊದಲ ವಾರದಲ್ಲೇ ಜೊತೆಯ ಒಬ್ಬಳು ಇವಳ ಬಟ್ಟೆಯನ್ನೂ ತಲೆಗೆ ಹಚ್ಚಿದ ಎಣ್ಣೆಯನ್ನೂ ನೋಡಿ 'ಸೋ ಕಾಮನ್' ಎಂದಳಂತೆ. ಬೈದರೋ ಹೊಗಳಿದರೋ ಇವಳಿಗೆ ತಿಳಿಯಲಿಲ್ಲ. ನಿಘಂಟು ತೆಗೆದಳು. ಮೊದಲನೆಯ ಅರ್ಥ, ಎಲ್ಲರಿಗೂ ಸೇರಿದ್ದು. ಸಮಾಧಾನವಾಯಿತು. ಕೆಳಗೆ ಇಳಿಯುತ್ತ ಹೋದರೆ ಇನ್ನೊಂದು ಅರ್ಥ, ಕೀಳು, ಅಗ್ಗದ್ದು. ರಜೆಗೆ ಬಂದಾಗ ಕೇಳಿದಳು: "ಮೇಷ್ಟ್ರೇ, ಎಲ್ಲರಿಗೂ ಸೇರಿದ್ದು ಅಂದ್ರೆ ಕೀಳು ಅಂತ ಹೇಗಾಗುತ್ತೆ?" ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. "ಇಂಗ್ಲಿಷೇ ಹಾಗಮ್ಮ" ಎಂದು ಹೇಳಿ ಕಳಿಸಿದೆವು. ಅದು ಉತ್ತರವಲ್ಲ, ಜಾರಿಕೊಂಡ ಮಾತು. ಆ ಸಾಲವನ್ನು ಇವತ್ತು ತೀರಿಸಬೇಕೆಂದಿದ್ದೇವೆ.

ಮೊದಲು ಬಳಕೆಯನ್ನು ನೋಡೋಣ. ಈ ಶಬ್ದದ ಅರ್ಥಗಳನ್ನು ಮೂರು ರಾಶಿಯಾಗಿ ವಿಂಗಡಿಸಬಹುದು. ಒಂದನೆಯ ರಾಶಿ, ಇಬ್ಬರಿಗೋ ಹಲವರಿಗೋ ಕೂಡಿ ಸೇರಿದ್ದು. ಎರಡು ಮನೆಗಳ ನಡುವೆ ಇರುವುದು ಕಾಮನ್ ಗೋಡೆ. ಹಾಸ್ಟೆಲಿನಲ್ಲಿ ಎಲ್ಲರೂ ಕೂರುವುದು ಕಾಮನ್ ರೂಮು. ನಿಮ್ಮ ಮಕ್ಕಳು ಬರೆಯುವ ಸಿ.ಇ.ಟಿ. ಪರೀಕ್ಷೆಯ 'ಸಿ' ಎಂದರೂ ಇದೇ ಕಾಮನ್. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂದು ಅರ್ಥ. ವ್ಯಾಕರಣದಲ್ಲಿ ನಾವು ರೂಢನಾಮ ಎನ್ನುವುದನ್ನು ಅವರು ಕಾಮನ್ ನೌನ್ ಎನ್ನುತ್ತಾರೆ. 'ನದಿ' ಎಂಬ ಹೆಸರು ತುಂಗೆಗೂ ಸರಿ, ಕೃಷ್ಣೆಗೂ ಸರಿ. ಎರಡನೆಯ ರಾಶಿ, ಪದೇ ಪದೇ ಕಾಣಸಿಗುವುದು. ನೆಗಡಿಗೆ ಅವರ ಹೆಸರೇ ಕಾಮನ್ ಕೋಲ್ಡ್. ಕಚೇರಿಯಲ್ಲಿ ಕಡತ ಮುಂದಕ್ಕೆ ಹೋಗಲು ಕೈಬಿಸಿ ಮಾಡಬೇಕಾಯಿತೆಂದು ನೀವು ಗೋಳು ಹೇಳಿಕೊಂಡರೆ, ಪಕ್ಕದವರು "ಅದೆಲ್ಲ ಕಾಮನ್ ಬಿಡ್ರೀ" ಎನ್ನುತ್ತಾರಲ್ಲ, ಅದು ಈ ಎರಡನೆಯ ಅರ್ಥ. ಮೂರನೆಯ ರಾಶಿ ಕೀಳು, ಒರಟು, ಕುಲಗೆಟ್ಟದ್ದು. ಆ ಹುಡುಗಿಗೆ ತಗುಲಿದ್ದು ಇದು.

ಈ ಮೂರನೆಯ ಅರ್ಥದ ಭಯ ಇಂಗ್ಲಿಷರಿಗೇ ಎಷ್ಟಿತ್ತೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ನಿಮಗೂ ನಮಗೂ ಒಬ್ಬನೇ ಗೆಳೆಯನಿದ್ದರೆ ಅವನು ಕಾಮನ್ ಫ್ರೆಂಡ್ ಆಗಬೇಕು. 'ಮ್ಯೂಚುಯಲ್' ಎಂದರೆ ಪರಸ್ಪರ; ಅದು ಇಬ್ಬರ ನಡುವಿನ ಕೊಡುಕೊಳ್ಳುವಿಕೆಗೆ ಸಲ್ಲುವ ಮಾತೇ ಹೊರತು ಮೂರನೆಯವನಿಗೆ ಸಲ್ಲುವುದಿಲ್ಲ ಎಂದು ವ್ಯಾಕರಣದ ಪಂಡಿತರು ಬಹುಕಾಲ ವಾದಿಸಿದರು. ಆದರೂ ಜನ ಮ್ಯೂಚುಯಲ್ ಫ್ರೆಂಡ್ ಎಂದೇ ಬಳಸಿದರು. ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ಬರೆದ ಕಾದಂಬರಿಯ ಹೆಸರಿನಲ್ಲೂ ಅದೇ ಮಾತಿದೆ. ಏಕೆ? ಕಾಮನ್ ಫ್ರೆಂಡ್ ಎಂದರೆ 'ಕೀಳು ಗೆಳೆಯ' ಎಂದು ಕೇಳಿಸೀತೆಂಬ ಅಂಜಿಕೆ. ಗೆಳೆಯನ ಮಾನ ಉಳಿಸಲು ವ್ಯಾಕರಣವನ್ನು ಬಿಟ್ಟುಕೊಟ್ಟರು.

ಇನ್ನೊಂದು ಪ್ರಯೋಗವಿದೆ. ಕೆಳಮಟ್ಟದ ಸಿನಿಮಾವನ್ನೋ ಭಾಷಣವನ್ನೋ ಕುರಿತು 'ಲೋಯೆಸ್ಟ್ ಕಾಮನ್ ಡಿನಾಮಿನೇಟರ್' ಎಂದು ಇಂಗ್ಲಿಷು ಪತ್ರಿಕೆಗಳು ಮೂಗುಮುರಿಯುತ್ತವೆ. ಇದು ಲೆಕ್ಕದ ಮಾತು, ಕನಿಷ್ಠ ಸಾಮಾನ್ಯ ಛೇದ. ಶಾಲೆಯಲ್ಲಿ ಲ.ಸಾ.ಅ. ಮಾಡಿದವರೆಲ್ಲ ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾಲು ಭಾಗಕ್ಕೂ ಆರನೆಯ ಒಂದು ಭಾಗಕ್ಕೂ ಸಾಮಾನ್ಯ ಛೇದ ಎಷ್ಟು? ಹನ್ನೆರಡು. ಅದು ನಾಲ್ಕಕ್ಕಿಂತಲೂ ದೊಡ್ಡದು, ಆರಕ್ಕಿಂತಲೂ ದೊಡ್ಡದು. ಅದು ಸಿಕ್ಕದೆ ಆ ಎರಡು ಭಿನ್ನರಾಶಿಗಳನ್ನು ಕೂಡಿಸಲು ಬರುವುದಿಲ್ಲ. ಬೇರೆಬೇರೆಯಾದವನ್ನು ಕೂಡಿಸಲು ಬೇಕಾಗುವ ಸಂಖ್ಯೆಯನ್ನೇ ಬೈಗುಳವಾಗಿ ಬಳಸುವವರು ಲೆಕ್ಕದಲ್ಲಿ ಪಾಸಾದದ್ದು ಹೇಗೋ ತಿಳಿಯದು.

ಈಗ ಶಬ್ದದ ಬೇರಿಗೆ ಹೋಗೋಣ. ಕಾಮನ್ ಬಂದದ್ದು ಲ್ಯಾಟಿನಿನ 'ಕೊಮ್ಮೂನಿಸ್' ಎಂಬುದರಿಂದ. ಅದರಲ್ಲಿ 'ಕೊಮ್' ಎಂದರೆ ಕೂಡಿ. ಉಳಿದ ಭಾಗ 'ಮೂನುಸ್' ಎಂಬ ಶಬ್ದದ ಬಂಧು; ಅದರ ಅರ್ಥ ಕರ್ತವ್ಯ, ಸಲ್ಲಿಸಬೇಕಾದ ಸೇವೆ, ಕೊಡುಗೆ. ನಮ್ಮ ಹಳ್ಳಿಗಳಲ್ಲಿ ಊರ ಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವುದಿಲ್ಲವೇ? ಕೆರೆಯ ಹೂಳೆತ್ತಲು ಮನೆಗೊಂದಾಳು ಬರಬೇಕೆಂದು ಡಂಗುರ ಹೊಡೆಸುತ್ತಿರಲಿಲ್ಲವೇ? ಆ ವಂತಿಗೆ, ಆ ಆಳಿನ ಪಾಳಿ, ಅದೇ 'ಮೂನುಸ್'. ಆದ್ದರಿಂದ ಕಾಮನ್ ಎಂದರೆ ಮೂಲದಲ್ಲಿ 'ಹಂಚಿ ತಿನ್ನುವುದು' ಎಂದಷ್ಟೇ ಅಲ್ಲ. 'ಕೂಡಿ ಹೊರೆ ಹೊರುವುದು' ಎಂದು. ನಮ್ಮೂರಿನ ಮುನಿಸಿಪಾಲಿಟಿಯ ಹೆಸರೂ ಇದೇ ಬೇರಿನದು. ಹೊರೆಯನ್ನು ಕೈಗೆತ್ತಿಕೊಂಡವರು ಎಂದು ಅದರ ಮೂಲಾರ್ಥ. ಚರಂಡಿ ನೋಡಿದವರು ಈ ವ್ಯುತ್ಪತ್ತಿಯನ್ನು ನಂಬುವುದು ಕಷ್ಟ, ಆದರೂ ನಿಜ.

ಇದೇ ಬೇರಿನ ಇನ್ನೊಂದು ಶಬ್ದವನ್ನು 2020ರಲ್ಲಿ ಕೊರೋನಾ ಬಂದಾಗ ಊರೂರಲ್ಲಿ ಕಲಿತರು: ಇಮ್ಯುನಿಟಿ. ವೈದ್ಯರ ಕೈಗೆ ಬರುವ ಮೊದಲು ಅದು ತೆರಿಗೆಯ ಮಾತಾಗಿತ್ತು. ರೋಮಿನಲ್ಲಿ 'ಇಮ್ಮೂನಿಸ್' ಎಂದರೆ ಊರ ಸೇವೆಯಿಂದ, ಕಂದಾಯದಿಂದ ವಿನಾಯಿತಿ ಪಡೆದವನು. ಅಂದರೆ ಒಂದೇ ಬೇರಿನಿಂದ ಎರಡು ಕವಲು. ಹೊರೆ ಹೊತ್ತವರು ಕಾಮನ್; ಹೊರೆಯಿಂದ ತಪ್ಪಿಸಿಕೊಂಡವರು ಇಮ್ಯೂನ್. ನಮ್ಮ ಕಡೆಯ ಹಳೆಯ ಇನಾಂದಾರರನ್ನು ನೆನೆದುಕೊಂಡರೆ ಈ ಎರಡನೆಯವರ ಪರಿಚಯ ತಾನಾಗಿಯೇ ಆಗುತ್ತದೆ.

ಹೊರೆ ಹೊತ್ತವರ ಹೆಸರುಗಳಿಗೆ ಆ ಭಾಷೆಯಲ್ಲಿ ಆದ ಗತಿಯನ್ನು ನೋಡಿ. ಇಂಗ್ಲಿಷಿನ 'ಮೀನ್' ಎಂಬ ಶಬ್ದ ಕಾಮನ್‌ನ ದೂರದ ದಾಯಾದಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೂ 'ಎಲ್ಲರದು' ಎಂದೇ ಅರ್ಥವಿತ್ತು. ಬರುಬರುತ್ತ ಕೀಳು ಎಂದಾಯಿತು. ಈಗ ಜುಗ್ಗ, ನೀಚ ಎಂದಾಗಿದೆ. ಜರ್ಮನಿನಲ್ಲಿ ಅದರ ಜೋಡಿ ಶಬ್ದ 'ಗೆಮೈನ್'. ಅದೂ ಹೀಗೆಯೇ ಇಳಿಯಿತು. ಜನಸಮೂಹಕ್ಕೆ ಲ್ಯಾಟಿನಿನಲ್ಲಿ 'ವುಲ್ಗುಸ್' ಎಂದರು. ಅದರಿಂದ 'ವಲ್ಗರ್' ಬಂತು. ಇನ್ನು ನಮ್ಮ ಸಿನಿಮಾಗಳ 'ವಿಲನ್'. ಅವನು ಮೂಲದಲ್ಲಿ ಯಾರು? ಒಡೆಯನ ಜಮೀನಿಗೆ ಕಟ್ಟುಬಿದ್ದು ಗೇಯುತ್ತಿದ್ದ ಬಡ ಒಕ್ಕಲಿನವನು! ಜೀತಕ್ಕಿದ್ದವನು ಖಳನಾಯಕನಾದ, ದುಡಿಸಿಕೊಂಡವನು 'ನೋಬಲ್' ಆಗಿ, ಆ ಮಾತಿಗೆ ಉದಾತ್ತ ಎಂಬ ಅರ್ಥ ಬಂತು. ನಿಘಂಟು ತನ್ನ ಪಾಡಿಗೆ ತಾನು ಬೆಳೆಯುವುದಿಲ್ಲ ಮಿತ್ರರೇ. ಯಾರು ಯಾರನ್ನು ಯಾವ ಎತ್ತರದಿಂದ ನೋಡಿ ಮಾತನಾಡಿದರೋ ಅದರ ಗುರುತು ಅದರಲ್ಲಿ ಉಳಿಯುತ್ತದೆ.

ಕಾಮನ್ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಇನ್ನೂ ಒಂದು ಗಟ್ಟಿಯಾದ ಅರ್ಥವಿತ್ತು, ಈಗಲೂ ಸ್ವಲ್ಪ ಇದೆ: ನೆಲ. ಊರಿನ ಒಕ್ಕಲು ದನ ಮೇಯಿಸುವ ಹುಲ್ಲುಗಾವಲು, ಸೌದೆ ತರುವ ಕಾಡು, ಒಲೆಗೆ ಹಾಕುವ ಪೀಟ್ ಎಂಬ ಮಣ್ಣನ್ನು ಅಗೆಯುವ ಜೌಗು, ಇವಕ್ಕೆ 'ಕಾಮನ್' ಎಂದು ಹೆಸರು. ನೆಲದ ಒಡೆತನ ಹೆಸರಿಗೆ ಪಾಳೆಯಗಾರನದು. ಆದರೆ ಅದರ ಮೇಲೆ ಒಕ್ಕಲಿಗೆ ಹಕ್ಕಿತ್ತು. ಹಂದಿ ಮೇಯಿಸುವುದಕ್ಕೊಂದು ಹಕ್ಕು, ಸೌದೆಗೊಂದು, ಮೀನಿಗೊಂದು, ಒಂದೊಂದಕ್ಕೂ ಬೇರೆ ಹೆಸರು, ಬೇರೆ ಕಟ್ಟಳೆ. ಈ ಹಕ್ಕುಳ್ಳವನೇ 'ಕಾಮನರ್'. ಅಂದರೆ ಕಾಮನರ್ ಎಂದರೆ ಏನೂ ಇಲ್ಲದವನಲ್ಲ. ಇತರರೊಡನೆ ಕೂಡಿ ಒಂದು ಹಕ್ಕು ಇದ್ದವನು. 1217ರಲ್ಲಿ ಹೊರಟ ಅರಣ್ಯ ಸನ್ನದು ಅರಸನ ಕಾಡುಗಳಲ್ಲಿ ಸ್ವತಂತ್ರ ಒಕ್ಕಲಿಗೆ ಇಂಥ ಹಕ್ಕುಗಳನ್ನು ಬರೆದುಕೊಟ್ಟಿತು. ಅದು ಶಾಸನದ ಪುಸ್ತಕದಿಂದ ಪೂರ್ತಿ ಹೋದದ್ದು 1971ರಲ್ಲಿ. ಇದೇ ಕಾಲದ ಮ್ಯಾಗ್ನಾ ಕಾರ್ಟಾ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಬಡವನ ಸೌದೆ ಹೊರೆಯ ಸನ್ನದನ್ನು ನಮಗೆ ಯಾರೂ ಓದಿಸಲಿಲ್ಲ.

ಆಮೇಲೆ ಬೇಲಿ ಬಂತು. 1235ರ ಮರ್ಟನ್ ಶಾಸನವೇ ಒಕ್ಕಲಿಗೆ ಸಾಕಷ್ಟು ಬಿಟ್ಟು ಉಳಿದದ್ದನ್ನು ಒಡೆಯ ಸುತ್ತುಗಟ್ಟಬಹುದೆಂದಿತ್ತು. ಸಾಕಷ್ಟು ಎಂದರೆ ಎಷ್ಟು? ಅದನ್ನು ಹೇಳುವವನು ಒಡೆಯನೇ. ಉಣ್ಣೆಗೆ ಬೆಲೆ ಬಂದಾಗ ಹೊಲ ಹೋಗಿ ಕುರಿಯ ಹುಲ್ಲುಗಾವಲಾಯಿತು. 1516ರಲ್ಲಿ ಥಾಮಸ್ ಮೋರ್ ತನ್ನ 'ಯುಟೋಪಿಯಾ'ದಲ್ಲಿ ಅದನ್ನು ಕಟುವಾಗಿ ಆಡಿಕೊಂಡ. 1549ರ ಬೇಸಗೆಯಲ್ಲಿ ನಾರ್ಫೋಕ್ ಸೀಮೆಯ ಜನ ಬೇಲಿ ಕಿತ್ತುಹಾಕುತ್ತ ಹೊರಟರು. ರಾಬರ್ಟ್ ಕೆಟ್ ಎಂಬ ಅನುಕೂಲಸ್ಥನ ಜಮೀನಿಗೂ ಬಂದರು. ಅವನೂ ಬೇಲಿ ಹಾಕಿದವನೇ. ಆದರೆ ಜನರ ಮಾತು ನ್ಯಾಯವೆಂದು ತೋರಿ, ತಾನೂ ಕೈಹಚ್ಚಿ ತನ್ನ ಬೇಲಿಯನ್ನೇ ಕಿತ್ತು, ಅವರ ಮುಂದಾಳಾದ. ಸಾವಿರಾರು ಮಂದಿ ನಾರಿಜ್ ಪಟ್ಟಣದ ಹೊರಗಿನ ಬಯಲಿನಲ್ಲಿ ವಾರಗಟ್ಟಲೆ ಬೀಡುಬಿಟ್ಟು, ಒಂದು ಓಕ್ ಮರದಡಿ ಪಂಚಾಯಿತಿ ನಡೆಸಿ, 29 ಬೇಡಿಕೆಗಳನ್ನು ಬರೆದರು. ಸರ್ಕಾರದ ದಂಡು ಬಂದು ಅವರನ್ನು ಕೊಚ್ಚಿಹಾಕಿತು. ಡಿಸೆಂಬರಿನಲ್ಲಿ ಕೆಟ್‌ನನ್ನು ನಾರಿಜ್ ಕೋಟೆಯ ಗೋಡೆಗೆ ನೇತುಹಾಕಿದರು. ಸರಿಯಾಗಿ ನಾನೂರು ವರ್ಷದ ಮೇಲೆ, 1949ರಲ್ಲಿ, ಅದೇ ಕೋಟೆಯ ಗೋಡೆಯ ಮೇಲೆ ಅದೇ ಊರಿನವರು ಅವನ ಗೌರವಾರ್ಥ ಒಂದು ಫಲಕ ಹಾಕಿಸಿದರು.

ನೂರು ವರ್ಷ ಬಿಟ್ಟು 1649ಕ್ಕೆ ಬನ್ನಿ. ಅರಸನ ತಲೆ ಹಾರಿ ಇಂಗ್ಲೆಂಡು ತನ್ನನ್ನು 'ಕಾಮನ್‌ವೆಲ್ತ್' ಎಂದು ಸಾರಿಕೊಂಡ ವರ್ಷ. ಕಾಮನ್‌ವೆಲ್ತ್ ಎಂದರೆ ಎಲ್ಲರ ಒಳಿತು, ಎಲ್ಲರ ಐಶ್ವರ್ಯ. ಈ ಮಾತನ್ನು ಅಕ್ಷರಶಃ ನಂಬಿದವನು ಜೆರಾರ್ಡ್ ವಿನ್‌ಸ್ಟ್ಯಾನ್ಲಿ, ಬಟ್ಟೆ ವ್ಯಾಪಾರದಲ್ಲಿ ದಿವಾಳಿಯೆದ್ದವನು. ಆ ಏಪ್ರಿಲಿನಲ್ಲಿ ಅವನೂ ಒಂದಷ್ಟು ಬಡವರೂ ಸರ್ರೀ ಸೀಮೆಯ ಸೇಂಟ್ ಜಾರ್ಜ್ ಗುಡ್ಡದ ಕಾಮನ್ ನೆಲವನ್ನು ಅಗೆದು ಗಜ್ಜರಿ, ಹುರುಳಿಜಾತಿಯ ಕಾಳು ಬಿತ್ತಿದರು. ಯಾರ ಹೊಲವನ್ನೂ ಕಸಿಯಲಿಲ್ಲ, ಆಯುಧ ಹಿಡಿಯಲಿಲ್ಲ. ಜನ ಅವರನ್ನು ಅಗೆಯುವವರು ಎಂದೇ ಕರೆದರು. ಹೊಡೆತ, ದಾವೆ, ಗುಡಿಸಲಿಗೆ ಬೆಂಕಿ, ಎಲ್ಲ ಆಗಿ ಒಂದು ವರ್ಷದೊಳಗೆ ಅವರ ಪ್ರಯೋಗ ಮುಗಿಯಿತು. ಎಲ್ಲರ ಐಶ್ವರ್ಯದ ರಾಜ್ಯದಲ್ಲಿ ಗಜ್ಜರಿ ಬೆಳೆಯಲು ಜಾಗವಿರಲಿಲ್ಲ. ಆ ಗುಡ್ಡ ಇಂದು ಸಿರಿವಂತರ ಬಂಗಲೆಗಳ, ಗಾಲ್ಫ್ ಮೈದಾನದ ಖಾಸಗಿ ಬಡಾವಣೆಯಾಗಿದೆ.

ಮುಂದಿನ ಬೇಲಿಯನ್ನು ಕಾಯಿದೆಯೇ ಹಾಕಿತು. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಸುತ್ತುಗಟ್ಟು ಮಸೂದೆಗಳನ್ನು ಪಾಸು ಮಾಡಿತು. ಸುಮಾರು 68 ಲಕ್ಷ ಎಕರೆ, ಆ ದೇಶದ ನೆಲದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು, ಹೀಗೆ ಎಲ್ಲರದಾಗಿದ್ದುದು ಕೆಲವರದಾಯಿತು. ಪಾಸು ಮಾಡಿದ ಮನೆಯ ಹೆಸರು 'ಹೌಸ್ ಆಫ್ ಕಾಮನ್ಸ್'! ಈ ಹೆಸರಿನ ಕಾಮನ್ಸ್ ಎಂಬುದು ಮೂಲದಲ್ಲಿ ಸೀಮೆಗಳ, ಪಟ್ಟಣಗಳ ಸಮುದಾಯ ಎಂಬ ಅರ್ಥದ್ದು. ಆದರೆ ಆ ಕಾಲದಲ್ಲಿ ಅಲ್ಲಿ ಕೂತವರಲ್ಲಿ ಬಹುಮಂದಿ ಜಮೀನ್ದಾರರು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು. ಸಣ್ಣ ಒಕ್ಕಲಿಗೆ ಎರಡೋ ಮೂರೋ ಎಕರೆ ತುಂಡು ಸಿಕ್ಕಿದರೂ ಅದಕ್ಕೆ ಬೇಲಿ ಹಾಕುವ ವೆಚ್ಚ ಹೊರಲಾರದೆ ಮಾರಿಕೊಂಡ. ತುಂಡೂ ಸಿಕ್ಕದವನ ಹಸು ಹೋಯಿತು, ಹಸುವಿನ ಹಿಂದೆ ಹಾಲು ಹೋಯಿತು, ಆಮೇಲೆ ಅವನೇ ಕೂಲಿಯನ್ನು ಹುಡುಕಿಕೊಂಡು ಗಿರಣಿಯ ಊರಿಗೆ ಹೋದ.

ಬೇಲಿ ಹಾಕಿದ್ದರಿಂದ ಬೆಳೆ ಹೆಚ್ಚಿತೆಂದು ಹೇಳುವವರಿದ್ದಾರೆ. ಹೆಚ್ಚಿರಬಹುದು, ಯಾರ ಕಣಜ ತುಂಬಿತೆಂಬುದು ನಮ್ಮ ಪ್ರಶ್ನೆ. ಆರ್ಥರ್ ಯಂಗ್ ಎಂಬ ಕೃಷಿ ಪಂಡಿತ ಸುತ್ತುಗಟ್ಟುವುದರ ದೊಡ್ಡ ವಕೀಲನಾಗಿದ್ದ. ಊರೂರು ತಿರುಗಿ ಬಡವರ ಹಸುಗಳು ಹೋದದ್ದನ್ನು ಕಣ್ಣಾರೆ ಕಂಡ ಮೇಲೆ 1801ರಲ್ಲಿ ಅವನೇ ಬಡವರ ಪರವಾಗಿ ಪುಸ್ತಕ ಬರೆದ. ಆದರೆ ಬೇಲಿಯವರ ಮುಖ್ಯ ವಾದ ಬೆಳೆಯದಲ್ಲ, ಗುಣದ್ದು. ಕಾಮನ್ ನೆಲ ಇರುವತನಕ ಬಡವ ಸೋಮಾರಿಯಾಗುತ್ತಾನೆ, ಕರೆದಾಗ ಕೂಲಿಗೆ ಬರುವುದಿಲ್ಲ, ಕಾಡಿನಂಚಿನಲ್ಲಿದ್ದು ಕಳ್ಳನಾಗುತ್ತಾನೆ ಎಂದು ಅವರು ಪುಟಗಟ್ಟಲೆ ಬರೆದರು. ಕಾಮನ್ ಎಂಬುದಕ್ಕೆ ಕೀಳರ್ಥ ಬೇಲಿಗಿಂತ ಹಳೆಯದು. ಬೇಲಿಯಿಂದಲೇ ಹುಟ್ಟಿತೆಂದು ನಾವು ಹೇಳುವುದಿಲ್ಲ. ಬೇಲಿಯ ಕಾಲದಲ್ಲಿ ಆ ಅರ್ಥಕ್ಕೆ ಕೈತುಂಬ ಕೆಲಸ ಸಿಕ್ಕಿತು, ಅಷ್ಟೆ. ಒಬ್ಬನ ಸ್ವತ್ತನ್ನು ಕಸಿಯುವ ಮೊದಲು ಅವನನ್ನು ಕೀಳೆಂದು ಸ್ಥಾಪಿಸಬೇಕಾಗುತ್ತದೆ. ಇಲ್ಲದಿದ್ದರೆ ಕಸಿದದ್ದಕ್ಕೆ ಕಳವು ಎಂದೇ ಹೆಸರು ಬರುತ್ತದೆ.

ಕಥೆಯೆಲ್ಲ ಸೋಲಿನದೇ ಎಂದು ತಿಳಿಯಬೇಡಿ. ಲಂಡನ್ನಿನ ಮಗ್ಗುಲಲ್ಲಿ ಎಪ್ಪಿಂಗ್ ಎಂಬ ಕಾಡಿದೆ. ಅದರ ಅಂಚಿನ ಲೌಟನ್ ಹಳ್ಳಿಯವರಿಗೆ ಚಳಿಗಾಲದಲ್ಲಿ ಮರಗಳ ಕೊಂಬೆ ಸವರಿ ಸೌದೆ ಒಯ್ಯುವ ಹಕ್ಕಿತ್ತು. ಸೊಪ್ಪು ಸವರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಒಡೆಯ ಕಾಡಿಗೆ ಬೇಲಿ ಹಾಕಿದ. ವಿಲಿಂಗೇಲ್ ಎಂಬ ಕೂಲಿಗಾರನ ಮನೆಯವರು ಹಿಂದಿನಂತೆಯೇ ಕೊಂಬೆ ಕಡಿದರು. 1866ರಲ್ಲಿ ಅವರಿಗೆ ಜೈಲಾಯಿತು. ಸುದ್ದಿ ಲಂಡನ್ ಮುಟ್ಟಿತು. ಅದರ ಹಿಂದಿನ ವರ್ಷವೇ ಕಾಮನ್ ನೆಲಗಳ ರಕ್ಷಣೆಗೆಂದು ಹುಟ್ಟಿದ್ದ ಸಂಘ ಅವರ ಬೆನ್ನಿಗೆ ನಿಂತಿತು. ಮುಂದೆ ಲಂಡನ್ ನಗರಸಭೆಯೂ ಮೇವಿನ ಹಕ್ಕಿನ ಆಧಾರದ ಮೇಲೆ ದಾವೆ ಹೂಡಿ 1874ರಲ್ಲಿ ಗೆದ್ದಿತು. 1878ರ ಕಾಯಿದೆ ಆ ಕಾಡನ್ನು ಎಲ್ಲರಿಗಾಗಿ ಉಳಿಸಿತು. ಕೊಂಬೆ ಸವರುವ ಹಕ್ಕು ಹೋಯಿತು. ಅದಕ್ಕೆ ಪರಿಹಾರವಾಗಿ ಬಂದ ಹಣದಲ್ಲಿ ಹಳ್ಳಿಯವರಿಗೊಂದು ಸಭಾಭವನ ಕಟ್ಟಿಸಿದರು. ಅದರ ಹೆಸರು 'ಲಾಪಿಂಗ್ ಹಾಲ್', ಅಂದರೆ ಕೊಂಬೆ ಸವರಿದವರ ಭವನ. ಇಂಥ ಹೋರಾಟಗಳ ಫಲವಾಗಿ ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೆ ಮೂರರಷ್ಟು ಇವತ್ತಿಗೂ ಕಾಮನ್ ಆಗಿ ಉಳಿದಿದೆ.

ಶಬ್ದಕ್ಕೆ ಕೊನೆಯ ಪೆಟ್ಟು ಬಿದ್ದದ್ದು ವಿದ್ವಾಂಸರಿಂದ. 1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬಾತ 'ಸೈನ್ಸ್' ಪತ್ರಿಕೆಯಲ್ಲಿ ಕಾಮನ್ಸ್‌ನ ದುರಂತವೆಂಬ ಲೇಖನ ಬರೆದ. ಎಲ್ಲರ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ಹಸು, ಮತ್ತೊಂದು ಹಸು ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ವಾದ. ಎಲ್ಲರದಾದದ್ದು ಯಾರದೂ ಅಲ್ಲ, ಆದ್ದರಿಂದ ಖಾಸಗಿಗೆ ಕೊಡಿ, ಇಲ್ಲವೇ ಸರ್ಕಾರ ಹಿಡಿದುಕೊಳ್ಳಲಿ ಎಂಬ ಉಪದೇಶಕ್ಕೆ ಇದು ಮಂತ್ರವಾಯಿತು. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಮಂತ್ರ ಜಪಿಸದೆ ಹುಲ್ಲುಗಾವಲುಗಳ ಲೆಕ್ಕವನ್ನೇ ತೆಗೆದು ನೋಡಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ 1517ರಿಂದಲೂ ಒಂದು ಕಟ್ಟಳೆ: ಚಳಿಗಾಲದಲ್ಲಿ ನೀನು ಸ್ವಂತ ಮೇವು ಹಾಕಿ ಸಾಕಬಲ್ಲೆಯಾದಷ್ಟೇ ಹಸುಗಳನ್ನು ಬೇಸಗೆಯಲ್ಲಿ ಊರ ಬೆಟ್ಟಕ್ಕೆ ಬಿಡಬೇಕು. ಮೀರಿದರೆ ದಂಡ. ಆ ಹುಲ್ಲುಗಾವಲು ಶತಮಾನಗಳು ಹಾಳಾಗದೆ ಉಳಿಯಿತು. ಕೂಡಿ ಕಟ್ಟಳೆ ಮಾಡಿಕೊಂಡವರು ಕೂಡಿ ಉಳಿಸಿಕೊಳ್ಳಬಲ್ಲರು ಎಂದು ಆಕೆ 1990ರಲ್ಲಿ ಪುಸ್ತಕ ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸಾದರು. ಹಾರ್ಡಿನ್ ಕೂಡ ತರುವಾಯ, ನಾನು ಹೇಳಬೇಕಾಗಿದ್ದುದು ಕಟ್ಟಳೆಯಿಲ್ಲದ ಕಾಮನ್ಸ್ ಎಂದು ತಿದ್ದಿಕೊಂಡ. ಲ್ಯಾಟಿನಿನ ಬೇರು ಹೇಳಿದ್ದೂ ಇದನ್ನೇ: ಕಾಮನ್ ಎಂದರೆ ಬಿಟ್ಟಿ ಬಿದ್ದದ್ದಲ್ಲ, ಕೂಡಿ ಹೊತ್ತ ಹೊರೆ.

ಇನ್ನು ನಮ್ಮ ಮನೆಯ ಮಾತು. ಕಾಮನ್‌ಗೆ ನಾವು 'ಸಾಮಾನ್ಯ' ಎನ್ನುತ್ತೇವೆ. ಅದು 'ಸಮಾನ' ಎಂಬುದರಿಂದ ಬಂದದ್ದು. ಆ ಶಬ್ದದ ಒಳಗೆ ಸಮಾನತೆಯೇ ಕೂತಿದೆ. ಆದರೂ ನಾವು 'ಅವನೇನು ಸಾಮಾನ್ಯನಲ್ಲ' ಎಂದು ಹೊಗಳುತ್ತೇವೆ! ಕುವೆಂಪು ಅವರು ಸಾಮಾನ್ಯನ ಹಿಂದೆ 'ಶ್ರೀ' ಸೇರಿಸಿ ಶ್ರೀಸಾಮಾನ್ಯ ಎಂದದ್ದು ಈ ರೋಗಕ್ಕೆ ಮದ್ದು. ಮೈಸೂರಿನ ಆರ್. ಕೆ. ಲಕ್ಷ್ಮಣ್ ದಶಕಗಳ ಕಾಲ ಬರೆದ ವ್ಯಂಗ್ಯಚಿತ್ರದ 'ಕಾಮನ್ ಮ್ಯಾನ್' ಎಲ್ಲವನ್ನೂ ನೋಡುತ್ತಿದ್ದ, ಬಾಯಿ ಮಾತ್ರ ಬಿಡಲಿಲ್ಲ.

ನಮ್ಮ ಕಂದಾಯ ಇಲಾಖೆಯ ಪುಸ್ತಕದಲ್ಲಂತೂ ಇಂಗ್ಲೆಂಡಿನ ಕಥೆ ಒಂದೇ ಶಬ್ದದಲ್ಲಿದೆ. ರಸ್ತೆ, ಹಳ್ಳ, ಕೆರೆ, ಸ್ಮಶಾನ, ಇವೆಲ್ಲ ಊರಿಗೆ ಸೇರಿದ ಜಾಗ. ಪಹಣಿಯಲ್ಲಿ ಇವಕ್ಕೆ ಏನು ಹೆಸರು? 'ಬಿ ಖರಾಬು'. ಖರಾಬು ಎಂದರೆ ಕೆಟ್ಟದ್ದು! ಕಂದಾಯ ಹುಟ್ಟದ ನೆಲವೆಲ್ಲ ಸರ್ಕಾರದ ಕಣ್ಣಿಗೆ ಕೆಟ್ಟ ನೆಲ. ಎಲ್ಲರದು ಕೀಳು ಹೇಗಾಯಿತೆಂದು ಹುಡುಗಿ ಕೇಳಿದ ಪ್ರಶ್ನೆಯನ್ನು ತಾಲ್ಲೂಕು ಕಚೇರಿಯಲ್ಲೂ ಕೇಳಬಹುದು. ಗೋಮಾಳದ ಮಾತೂ ಅಷ್ಟೇ. ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಬಿಡಬೇಕೆಂದು 1966ರ ನಿಯಮ. ನಿಮ್ಮ ನಿಮ್ಮ ಊರಿನಲ್ಲಿ ಎಷ್ಟು ಉಳಿದಿದೆ, ಹೋದದ್ದು ಯಾರ ಬೇಲಿಯೊಳಗೆ ಹೋಯಿತು, ಎಣಿಸಿ ನೋಡಿ. ಹೊಟ್ಟೆಪಾಡಿಗೆ ಎರಡೆಕರೆ ಉತ್ತ ನಿರ್ಗತಿಕನನ್ನೂ ಐವತ್ತು ಎಕರೆಗೆ ತಂತಿ ಎಳೆದ ಧಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗ್ರಾಮಗಳ ಸಾಮುದಾಯಿಕ ಜಮೀನಿನ ಒತ್ತುವರಿ ತೆರವುಗೊಳಿಸಬೇಕೆಂದು 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಕೂಡ ಭೂಹೀನ ಕೂಲಿಗಾರರಿಗೆ ಸರ್ಕಾರವೇ ಕೊಟ್ಟದ್ದನ್ನು ಬೇರೆಯಾಗಿ ಕಂಡಿತು.

1984ರಲ್ಲಿ ರಾಜ್ಯ ಸರ್ಕಾರ ಒಂದು ಖಾಸಗಿ ಕಾರ್ಖಾನೆಯೊಡನೆ ಸೇರಿ ಕಂಪನಿ ಮಾಡಿ, ಹಳ್ಳಿಗರು ಮೇವು ಸೌದೆಗೆ ನಂಬಿದ್ದ ಸುಮಾರು 75,000 ಎಕರೆಯನ್ನು ನೀಲಗಿರಿ ಬೆಳೆಸಲು ಕೊಡಹೊರಟಿತು. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ಬರೀ ಕಿತ್ತಿದ್ದರೆ ದಂಗೆ ಎನ್ನಬಹುದಿತ್ತು. ನೆಟ್ಟದ್ದರಿಂದ ಅದು ಹೊರೆ ಹೊತ್ತ ಮಾತಾಯಿತು.

ಆದರೆ ಒಂದು ಮಾತನ್ನು ಮುಚ್ಚಿಟ್ಟು ಈ ವೇದಿಕೆಯಿಂದ ಇಳಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ನಮ್ಮ ಹಳ್ಳಿಯ 'ಎಲ್ಲರ' ಬಾವಿ ಎಂದಾದರೂ ಎಲ್ಲರದಾಗಿತ್ತೇ? 'ಹತ್ತು ಸಮಸ್ತರು' ಎಂದು ಡಂಗುರ ಹೊಡೆದಾಗ ಕೇರಿಯವರು ಆ ಸಮಸ್ತರಲ್ಲಿ ಸೇರಿದ್ದರೇ? ಹೂಳೆತ್ತುವಾಗ ಅವರ ಹೆಗಲು ಬೇಕಿತ್ತು, ನೀರು ಮುಟ್ಟುವಾಗ ಅವರ ಕೈ ಬೇಡವಾಗಿತ್ತು. ಹೊರೆ ಕಾಮನ್, ನೀರು ಮಾತ್ರ ಅಲ್ಲ! ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ನಡೆದುಹೋಗಿ ನೀರು ಕುಡಿಯಬೇಕಾಯಿತು. ಆಗ ಮೇಲ್ಜಾತಿಯವರು ಏನು ಮಾಡಿದರು? ಕೆರೆ ಸಾರ್ವಜನಿಕವಲ್ಲ, ನಮ್ಮ ಖಾಸಗಿ ಸ್ವತ್ತು ಎಂದು ದಾವೆ ಹಾಕಿದರು. ಹತ್ತು ವರ್ಷ ಕಳೆದು 1937ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಬೇಲಿ ಮುಳ್ಳಿನದೇ ಆಗಬೇಕೆಂದಿಲ್ಲ. ನಮ್ಮ ದೇಶದ ದೊಡ್ಡ ಬೇಲಿ ಕಣ್ಣಿಗೆ ಕಾಣುವಂಥದ್ದಲ್ಲ. ಆದ್ದರಿಂದ ಹಿಂದಿನ ಕಾಲದಲ್ಲಿ ಎಲ್ಲವೂ ಕೂಡಿ ಇತ್ತು, ಇಂಗ್ಲಿಷರು ಬಂದು ಕೆಡಿಸಿದರು ಎಂಬ ಹಾಡನ್ನು ನಾವು ಹಾಡುವುದಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಇವತ್ತು ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ. ಹೆಸರು ಹೇಳುವುದು ಬೇಡವೆಂದಿದ್ದಾಳೆ. ಅಮ್ಮ, ಎಲ್ಲರದು ಎಂದರೆ ಕೀಳು ಎಂಬುದು ಶಬ್ದದ ಸಹಜ ಅರ್ಥವಲ್ಲ. ಹೊರೆಯಿಂದ ತಪ್ಪಿಸಿಕೊಂಡವರು, ಹೊತ್ತವರನ್ನು ನೋಡಿ ಆಡಿದ ಅರ್ಥ ಅದು. ನಿನಗೆ ಆ ಮಾತು ಅಂದವಳೂ ಅದನ್ನು ತಾನಾಗಿ ಕಟ್ಟಿದವಳಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಎತ್ತಿಕೊಂಡಳು. ಅವಳ ಮೇಲೆ ಸಿಟ್ಟು ಬೇಡ, ಈ ಕಥೆ ಹೇಳು. ಕೆಟ್ ಹುಟ್ಟಿದ ನಾರ್ಫೋಕ್‌ನಲ್ಲೇ 1737ರಲ್ಲಿ ಹುಟ್ಟಿದ ಥಾಮಸ್ ಪೇನ್ ಅಮೆರಿಕಕ್ಕೆ ಹೋಗಿ, 1776ರ ಜನವರಿಯಲ್ಲಿ ಅರಸೊತ್ತಿಗೆಯನ್ನೇ ಅಲ್ಲಾಡಿಸುವ ಸಣ್ಣ ಪುಸ್ತಕ ಬರೆದ. ಅದಕ್ಕೆ ಅವನು ಇಟ್ಟ ಹೆಸರು 'ಕಾಮನ್ ಸೆನ್ಸ್'. ಅರಸನಿಗಿಲ್ಲದ ಬುದ್ಧಿ ಎಲ್ಲರಿಗೂ ಇದೆ ಎಂದು ಅದರ ತಾತ್ಪರ್ಯ.

ಉಳಿದವರಿಗೆ ನಮ್ಮದೊಂದು ವಿನಂತಿ. ನಾಳೆಯಿಂದ ಲಂಚವನ್ನೋ ಅನ್ಯಾಯವನ್ನೋ ಕಂಡಾಗ 'ಅದೆಲ್ಲ ಕಾಮನ್ ಬಿಡ್ರೀ' ಎನ್ನಬೇಡಿ. ಕಾಮನ್ ಎಂದ ಮೇಲೆ ಬಿಡುವ ಮಾತಿಲ್ಲ. ಅದು ನಮ್ಮೆಲ್ಲರದು ಎಂದರೆ ನಾವೆಲ್ಲ ಕೈಹಚ್ಚಬೇಕು ಎಂದರ್ಥ. ಮುಂದಿನ ಭಾನುವಾರ ಬರುವಾಗ ನಿಮ್ಮ ಊರಿನ ಬಿ ಖರಾಬು ಎಷ್ಟು ಗುಂಟೆ, ಗೋಮಾಳ ಎಷ್ಟು ಎಕರೆ, ಪಹಣಿಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ ಎಂದು ಬರೆದುಕೊಂಡು ಬನ್ನಿ. ಆ ಬಾವಿಗೆ, ಆ ಸ್ಮಶಾನಕ್ಕೆ ಊರಿನ ಯಾರಿಗೆ ಇನ್ನೂ ದಾರಿಯಿಲ್ಲ ಎಂಬುದನ್ನೂ ಬರೆಯಿರಿ. ಶಬ್ದದ ಅರ್ಥ ನಿಘಂಟಿನಲ್ಲಿ ಸಿಕ್ಕಿತು. ಉಳಿದ ಅರ್ಥವನ್ನು ಅಲ್ಲಿ ಹುಡುಕೋಣ.